ಹುಡುಕುವುದನ್ನು ಕಲಿಸೋಣ
(ಗ್ರಂಥಪಾಲಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಾನು ಕಾಲೇಜೊಂದರ ಗ್ರಂಥಪಾಲಕ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂಡಿಸಿ, ಪುಸ್ತಕಗಳ ವರ್ಗೀಕರಣ, ಗ್ರಂಥಸೂಚಿ, ಅಂತರ್ಜಾಲ ಎಂದು ಒಂದು ಗಂಟೆ ಭಾಷಣ ಮಾಡುತ್ತಿದ್ದೆ. ಎರಡು ತಿಂಗಳ ಮೇಲೆ ಅದೇ ಮಕ್ಕಳು, "ಪುಸ್ತಕ ಎಲ್ಲಿ ಹುಡುಕಬೇಕ್ರಿ ಸರ್?" ಎನ್ನುತ್ತಿದ್ದರು. ತಪ್ಪು ಅವರದಲ್ಲ. ಹಸಿವಾಗುವ ಮೊದಲೇ ನಾನು ಉಣಬಡಿಸಿದ್ದೆ.

ಒಮ್ಮೆ ಬಸವ ಜಯಂತಿಯ ಭಾಷಣ ಸ್ಪರ್ಧೆಗೆ ಸಿದ್ಧಳಾಗುತ್ತಿದ್ದ ವಿದ್ಯಾರ್ಥಿನಿ ಮೊಬೈಲ್ ಹಿಡಿದು ಬಂದಳು. ವಾಟ್ಸ್‌ಆ್ಯಪ್‌ನಲ್ಲಿ ಬಂದ ನಾಲ್ಕು ಸಾಲು. ಕೊನೆಗೆ ಕೂಡಲಸಂಗಮದೇವ ಎಂಬ ಅಂಕಿತ. "ಇದು ಬಸವಣ್ಣನವರ ವಚನ ಏನ್ರಿ ಸರ್?" ನಾನು ಉತ್ತರ ಹೇಳಲಿಲ್ಲ. ಮೂರು ಪ್ರಶ್ನೆ ಬರೆದುಕೊಟ್ಟೆ: ಯಾರು ಹೇಳಿದ್ದು? ಎಲ್ಲಿ ಅಚ್ಚಾಗಿದೆ? ಮತ್ತೊಂದು ಆಕರ ಅದನ್ನು ಒಪ್ಪುತ್ತದೆಯೇ? ಸಮಗ್ರ ವಚನ ಸಂಪುಟವನ್ನು ಅವಳ ಕೈಗೇ ಕೊಟ್ಟೆ. ಆ ಸಾಲು ಸಿಗಲಿಲ್ಲ. ವಚನ ಸಂಚಯ ಜಾಲತಾಣದಲ್ಲಿ ಪದ ಹಾಕಿ ಹುಡುಕಿದಳು, ಅಲ್ಲಿಯೂ ಇಲ್ಲ. "ಅಂಕಿತ ಯಾರು ಬೇಕಾದ್ರೂ ಹಚ್ಚಬಹುದಲ್ರಿ ಸರ್" ಎಂದಳು. ಸಿಗದ ಮಾತ್ರಕ್ಕೆ ಸುಳ್ಳೆನ್ನಲಾಗದು. ಆದರೆ ಆಕರ ಸಿಗುವವರೆಗೆ ಬಸವಣ್ಣನವರ ಹೆಸರು ಹೇಳುವಂತಿಲ್ಲ. ಅವಳು ಆ ಸಾಲುಗಳನ್ನು ಭಾಷಣದಿಂದ ಕೈಬಿಟ್ಟಳು.

ಒಂದು ಮಾತು ಒಪ್ಪಿಕೊಳ್ಳಬೇಕು. ಅವೇ ಸಾಲುಗಳನ್ನು ಹಿಂದಿನ ವರ್ಷ ವೇದಿಕೆಯ ಮೇಲೆ ನಾನೇ ಬಸವಣ್ಣನವರ ವಚನವೆಂದು ಹೇಳಿದ್ದೆ. ಅದನ್ನು ಅವಳಿಗೂ ಹೇಳಿದೆ.

ಅಂದಿನಿಂದ ಕಲಿಸುವ ಕ್ರಮ ಬದಲಾಯಿತು. ಅಧ್ಯಾಪಕರು ಪ್ರಬಂಧದ ವಿಷಯ ಕೊಟ್ಟ ವಾರವೇ ತರಗತಿಗೆ ಹೋಗುತ್ತೇನೆ. ಹತ್ತು ನಿಮಿಷ ನನ್ನ ಮಾತು. ಉಳಿದ ಹೊತ್ತು ಅವರ ಹುಡುಕಾಟ. ಇಬ್ಬಿಬ್ಬರಿಗೆ ಒಂದು ಪ್ರಶ್ನೆ. ಉತ್ತರದ ಜೊತೆಗೆ ಹುಡುಕಿದ ದಾರಿಯನ್ನೂ ಬರೆದುಕೊಡಬೇಕು. ಆ ಹಾಳೆ ಓದಿದರೆ ಯಾರು ಎಲ್ಲಿ ಎಡವಿದರೆಂದು ತಿಳಿಯುತ್ತದೆ. ಮುಂದಿನ ಪಾಠ ಅಲ್ಲಿಂದಲೇ.

ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಅಂಥ ದುಡಿಮೆಯ ಫಲದಲ್ಲಿ ನಾವು ಕಲಬೆರಕೆ ಮಾಡಬಾರದು. ಮಠಗಳ ಗ್ರಂಥಾಲಯಗಳಿಗೆ ನನ್ನ ವಿನಂತಿ ಇಷ್ಟೆ: ಶ್ರಾವಣದ ಪ್ರವಚನ ಮುಗಿದ ಮೇಲೆ ಒಂದು ಮೇಜಿನ ಮೇಲೆ ವಚನ ಸಂಪುಟಗಳನ್ನಿಡಿ. ಅಂದು ಕೇಳಿದ ವಚನವನ್ನು ಮಕ್ಕಳೇ ಹುಡುಕಲಿ. ಸಿಕ್ಕರೆ ಸಂತೋಷ. ಸಿಗದಿದ್ದರೆ ಬಂದು ಕೇಳಲಿ. ಕೇಳಿದ ಮಗುವನ್ನು ಗದರಿಸದಿರೋಣ. ಅದರ ಜೊತೆ ಕೂತು ನಾವೂ ಹುಡುಕೋಣ.