ಫ್ಯೂಸಿನ ದೂರು
(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಎಂಜಿನಿಯರರಲ್ಲ. ಹೋಟೆಲಿನಲ್ಲಿ ಲೋಟ ತೊಳೆದು, ಮೇಜಿಗೆ ತಿಂಡಿ ಕೊಟ್ಟು, ಈಗ ಸಂಘದ ಕೆಲಸ ನೋಡುವವರು. ಏಳನೆಯ ಇಯತ್ತೆಗೇ ನಮ್ಮ ಶಾಲೆ ಮುಗಿಯಿತು. ಆದರೂ ಕಳೆದ ಮಳೆಗಾಲದಲ್ಲಿ ನಾಲ್ವರು ಗೆಳೆಯರು ಸೇರಿ ಚಾಳಿನ ಕೋಣೆಯಲ್ಲಿ ಒಂದು ಹಳೆಯ ಪಿನ್‌ಬಾಲ್ ಆಟದ ಯಂತ್ರವನ್ನು ರಿಪೇರಿ ಮಾಡಿದೆವು. ಅದರಲ್ಲಿ ನಮ್ಮಿಂದಾದ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಲು ನಿಂತಿದ್ದೇವೆ.

ಯಂತ್ರ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ಇಂಥ ಯಂತ್ರಗಳ ದೊಡ್ಡ ಕಾರ್ಖಾನೆಗಳು ಆ ಊರಿನಲ್ಲಿದ್ದವು. ಚೆಂಡನ್ನು ಮೇಲಕ್ಕೆ ಹೊಡೆಯುವ ಮೋಟು ಕೋಲಿಗೆ ಫ್ಲಿಪ್ಪರ್ ಎನ್ನುತ್ತಾರೆ. ವಿದ್ಯುತ್ತಿನಿಂದ ನಡೆಯುವ ಫ್ಲಿಪ್ಪರ್ ೧೯೪೭ರಲ್ಲಿ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದೊಡನೆ ಬಂತು. ಅದಕ್ಕೆ ಮೊದಲು ಚೆಂಡು ಬಿದ್ದಲ್ಲಿ ಬಿತ್ತು. ಜೂಜೆಂದು ನ್ಯೂಯಾರ್ಕ್ ನಗರ ೧೯೪೨ರಲ್ಲಿ ಇದನ್ನು ನಿಷೇಧಿಸಿತ್ತು. ಇದು ಕೈಚಳಕದ ಆಟವೆಂದು ನಗರಸಭೆಯವರೆದುರು ಆಡಿ ತೋರಿಸಿದ ಮೇಲೆ, ೧೯೭೬ರಲ್ಲಿ, ನಿಷೇಧ ಹೋಯಿತು.

ಮುಚ್ಚಳ ಎತ್ತಿದರೆ ಒಳಗೆ ಕಂಪ್ಯೂಟರ್ ಇಲ್ಲ. ರಿಲೇಗಳು, ಎಲೆಯಂತೆ ತೆಳ್ಳಗಿನ ಸ್ವಿಚ್ಚುಗಳು, ತಾಮ್ರದ ತಂತಿಯ ಕಾಯಿಲ್‌ಗಳು, ಎಲ್ಲವೂ ಕಣ್ಣಿಗೆ ಕಾಣುವ ಕೆಲಸ. ಅಲ್ಲಿಯ ಕರೆಂಟು ಸುಮಾರು ೧೨೦ ವೋಲ್ಟು, ನಮ್ಮದು ೨೩೦. ಆದ್ದರಿಂದ ಮೊದಲು ವೋಲ್ಟು ಇಳಿಸುವ ಟ್ರಾನ್ಸ್‌ಫಾರ್ಮರ್ ತಂದೆವು. ಹಳೆಯ ವಯರು ಬದಲಿಸಿ ಅರ್ಥಿಂಗ್ ಕೊಟ್ಟೆವು. ಕಲ್ಲಾಗಿದ್ದ ಗ್ರೀಸನ್ನು ಒರೆಸಿದೆವು. ಪ್ಲಗ್ ತೆಗೆದಿಟ್ಟು, ಕಪ್ಪುಗಟ್ಟಿದ ಸ್ವಿಚ್ಚಿನ ತುದಿಗಳನ್ನು ನುಣ್ಣನೆಯ ಅರದಿಂದ ಹಗುರಾಗಿ ಸವರಿದೆವು. ಹೆಚ್ಚು ಉಜ್ಜಿದರೆ ತುದಿಯೇ ಸವೆಯುತ್ತದೆ.

ದೀಪ ಹತ್ತಿತು, ಗಂಟೆ ಬಾರಿಸಿತು. ಆದರೆ ಫ್ಲಿಪ್ಪರಿನ ಗುಂಡಿ ಒತ್ತಿ ಹಿಡಿದರೆ ಫ್ಯೂಸ್ ಹೋಗುತ್ತಿತ್ತು. ಮೂರು ಸಲ ಹೋಯಿತು. ನಾಲ್ಕನೆಯ ಸಲ ಸಿಟ್ಟಿನಿಂದ ಅಲ್ಲಿ ದಪ್ಪ ತಂತಿ ಕಟ್ಟಿದೆವು. ಫ್ಯೂಸಿನ ಕಾಟ ತಪ್ಪಿತು. ಕಾಯಿಲಿನಿಂದ ಹೊಗೆ ಎದ್ದಿತು. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿದ್ದರು. ಓಡಿ ಪ್ಲಗ್ ಕಿತ್ತೆವು.

ಮರುದಿನ ರಾತ್ರಿಪಾಳಿ ಮುಗಿಸಿ ಬಂದ ವೈರ್‌ಮನ್ ಅಣ್ಣ ನೋಡಿದರು. ಆ ಕಾಯಿಲಿನಲ್ಲಿ ಎರಡು ಸುತ್ತು: ಹೊಡೆತಕ್ಕೆ ದಪ್ಪ ತಂತಿ, ಹಿಡಿದಿರಲು ತೆಳು ತಂತಿ. ಫ್ಲಿಪ್ಪರ್ ಪೂರ್ತಿ ಎದ್ದಾಗ ಒಂದು ಸ್ವಿಚ್ಚು ತೆರೆಯಬೇಕು. ಆಗ ಕರೆಂಟು ತೆಳು ಸುತ್ತನ್ನೂ ಹಾದು ತಗ್ಗುತ್ತದೆ. ನಮ್ಮದರಲ್ಲಿ ಆ ಸ್ವಿಚ್ಚು ಬಾಗಿ ತೆರೆಯದೆ ನಿಂತಿತ್ತು.

“ಫ್ಯೂಸ್ ಮೂರು ಸಲ ಹೇಳಿತಲ್ಲ ಮಾರಾಯ್ರೇ, ನೀವು ಅದರ ಬಾಯಿ ಕಟ್ಟಿದಿರಿ,” ಎಂದರು.

ಬಂಧುಗಳೇ, ಆ ಮಾತು ನಮಗೆ ನಾಟಿತು. ಒಲೆಯ ಪೈಪು ಸೋರುತ್ತದೆ ಎಂದ ಹುಡುಗನಿಗೆ “ಬಾಯಿ ಮುಚ್ಚು” ಎಂದದ್ದನ್ನು ಕೇಳಿ ಬೆಳೆದವರು ನಾವು. ಅದು ಸಲ್ಲದೆಂದೇ ಸಂಘಕ್ಕೆ ಬಂದೆವು. ಆದರೆ ಇದೇ ಕೂಟದಲ್ಲಿ, ಪದೇ ಪದೇ ಅದೇ ದೂರು ತರುವ ಸದಸ್ಯನನ್ನು ‘ಕಿರಿಕಿರಿ’ ಎಂದು ಕೂರಿಸಿದ್ದೂ ಉಂಟು. ಕೂರಿಸಿದವರಲ್ಲಿ ನಾವೂ ಇದ್ದೆವು.

ಈಗ ಸ್ವಿಚ್ಚು ಸರಿಪಡಿಸಿ, ಹೊಸ ಕಾಯಿಲ್ ಹಾಕಿ, ಯಂತ್ರದ ಮೇಲೆ ಬರೆದಷ್ಟೇ ಆಂಪಿಯರಿನ ಫ್ಯೂಸ್ ಕೂರಿಸಿದ್ದೇವೆ. ರವಿವಾರ ಬಂದು ಆಡಿರಿ. ಸುಟ್ಟ ಕಾಯಿಲನ್ನು ಸಂಘದ ಮೇಜಿನ ಮೇಲೆ ಇಟ್ಟಿದ್ದೇವೆ. ಮುಂದೆ ಯಾರ ದೂರನ್ನಾದರೂ ನಾವು ಕೇಳದೆ ಕಳಿಸಿದರೆ, ಅದನ್ನು ಎತ್ತಿ ನಮಗೆ ತೋರಿಸಿರಿ.