ಎಷ್ಟು ಸಲದಲ್ಲಿ? ಆಟದ ಮೈದಾನದಲ್ಲಿ ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆ

ಗಣಿತದ ವಿಚಾರ ಸಂಕಿರಣಕ್ಕೆ ದೈಹಿಕ ಶಿಕ್ಷಣ ಶಿಕ್ಷಕರನ್ನು ಕರೆಯುವ ವಾಡಿಕೆ ನಮ್ಮಲ್ಲಿಲ್ಲ. ಈ ಬಾರಿ ಕರೆದಿರುವ ಸಂಘಟಕರಿಗೆ ಮೊದಲ ಕೃತಜ್ಞತೆ ಸಲ್ಲಬೇಕು. ಏಕೆಂದರೆ ಹಿರಿಯ ಪ್ರಾಥಮಿಕ ಶಾಲೆಯ ಗಣಿತದಲ್ಲಿ ನಾವು ಎಲ್ಲಿ ದಾರಿ ತಪ್ಪಿದೆವು ಎಂಬುದರ ಬಗ್ಗೆ ನನಗೊಂದು ಬಹುಕಾಲದ ನಂಬಿಕೆಯಿದೆ. ಆ ತಪ್ಪನ್ನು ಸರಿಪಡಿಸುವ ಕೆಲಸ ಗಣಿತ ಶಿಕ್ಷಕರೂ ದೈಹಿಕ ಶಿಕ್ಷಣ ಶಿಕ್ಷಕರೂ ಒಟ್ಟಿಗೆ ಕೂತಲ್ಲದೆ ಆಗುವುದಿಲ್ಲ. ಮಕ್ಕಳಿಗೆ ಅಂಕಿಅಂಶಗಳನ್ನು ಒಂದು ಪಾಠದಲ್ಲಿ ಕಲಿಸುತ್ತೇವೆ, ಆಕಸ್ಮಿಕವನ್ನು ಇನ್ನೊಂದು ಪಾಠದಲ್ಲಿ ಕಲಿಸುತ್ತೇವೆ, ಅವೆರಡೂ ಒಂದೇ ವಿದ್ಯೆಯ ಎರಡು ಕೈಗಳೆಂಬುದನ್ನು ಮಾತ್ರ ಹೇಳದೆ ಬಿಡುತ್ತೇವೆ. ನನ್ನ ವಾದ ಇಷ್ಟೇ. ಕಲಿಕೆಯ ಸಿದ್ಧಾಂತಗಳ ಸಮೀಕ್ಷೆಗೆ ನಾನು ಕೈಹಾಕುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರು ಎದುರಿನ ಸಾಲಿನಲ್ಲೇ ಕೂತಿದ್ದಾರೆ.

ಈ ಒಡಕು ಹತ್ತನೇ ತರಗತಿಯವರೆಗೂ ಮುಂದುವರಿಯುತ್ತದೆ. ಅಲ್ಲಿಯೂ ಸಂಖ್ಯಾಶಾಸ್ತ್ರ ಒಂದು ಅಧ್ಯಾಯ, ಸಂಭವನೀಯತೆ ಮತ್ತೊಂದು. ಮೊದಲನೆಯದರಲ್ಲಿ ಯಾರೋ ಸಿದ್ಧಮಾಡಿಟ್ಟ ಕೋಷ್ಟಕ. ಮಗು ಅದರಿಂದ ಸರಾಸರಿ, ಮಧ್ಯಾಂಕ, ಬಹುಲಕ ತೆಗೆಯುತ್ತದೆ. ಎರಡನೆಯದರಲ್ಲಿ ನಾಣ್ಯ, ದಾಳ, ಇಸ್ಪೀಟೆಲೆ. ಮಗು ಅನುಕೂಲಕರ ಫಲಿತಗಳನ್ನು ಒಟ್ಟು ಫಲಿತಗಳಿಂದ ಭಾಗಿಸುತ್ತದೆ. ಎರಡರಲ್ಲೂ ಪೂರ್ಣ ಅಂಕ ಬರಬಹುದು. ಆದರೆ ಕೋಷ್ಟಕದ ಸಂಖ್ಯೆಯಲ್ಲಿ ನಿಜವಾದ ಸಾಮರ್ಥ್ಯ ಎಷ್ಟು, ಆಕಸ್ಮಿಕ ಎಷ್ಟು ಎಂಬ ಪ್ರಶ್ನೆ ಆ ಮಗುವಿನ ಮುಂದೆ ಬರುವುದೇ ಇಲ್ಲ. ಒಂದು ಉದಾಹರಣೆ ನೋಡೋಣ. ಕಬಡ್ಡಿಯಲ್ಲಿ ಒಬ್ಬ ಹುಡುಗಿ 5 ರೇಡ್ ಮಾಡಿ 4ರಲ್ಲಿ ಅಂಕ ತಂದಳು. ಶೇ 80 ಎಂದು ಲೆಕ್ಕ ಮುಗಿಸುತ್ತೇವೆ. ಈಗ 32 ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ನಾಣ್ಯವನ್ನು 5 ಸಲ ಚಿಮ್ಮಲಿ. ನಾಲ್ಕು ಅಥವಾ ಐದು ಸಲ ತಲೆ ಬೀಳುವ ಸಂಭವನೀಯತೆ 32ರಲ್ಲಿ 6. ಅಂದರೆ ಏನೂ ಸಾಮರ್ಥ್ಯವಿಲ್ಲದ ನಾಣ್ಯವೇ ಸುಮಾರು ಆರು ಮಕ್ಕಳ ಕೈಯಲ್ಲಿ ಶೇ 80 ಅಥವಾ ಅದಕ್ಕಿಂತ ಹೆಚ್ಚಿನ 'ಯಶಸ್ಸು' ತೋರಿಸಿಬಿಡುತ್ತದೆ. ಅದೇ ನಾಣ್ಯವನ್ನು 20 ಸಲ ಚಿಮ್ಮಿದರೆ 16 ಅಥವಾ ಹೆಚ್ಚು ತಲೆ ಬೀಳುವುದು ಸಾವಿರಕ್ಕೆ ಸುಮಾರು 6 ಸಲ ಮಾತ್ರ. ಶೇಕಡಾವಾರು ಒಂದೇ, ಅದರ ತೂಕ ಬೇರೆ ಬೇರೆ. ಇದು ತಿಳಿದಾಗ ನಾಣ್ಯದ ಪಾಠಕ್ಕೊಂದು ಉದ್ದೇಶ ಸಿಗುತ್ತದೆ: ಮೈದಾನದಿಂದ ತಂದ ಸಂಖ್ಯೆಯನ್ನು ಎಷ್ಟು ನಂಬಬೇಕೆಂದು ಅಳೆಯಲು ಅದು ಬೇಕು.

ಆಟವೇ ಏಕೆ, ನಮ್ಮ ಮಳೆಯ ಲೆಕ್ಕ ಸಾಲದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾವಗಡ, ಶಿರಾ ಭಾಗದಲ್ಲಿ ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಮನೆಗಳ ಮಕ್ಕಳಿಗೆ ಸರಾಸರಿಯ ಮಿತಿ ಹೇಳಿಕೊಡಬೇಕಾಗಿಯೇ ಇಲ್ಲ. ವರ್ಷದ ಸರಾಸರಿ ಮಳೆ ಬಿದ್ದರೂ ಕಾಯಿ ಕಟ್ಟುವ ಹೊತ್ತಿಗೆ ಅದು ಕೈಕೊಟ್ಟರೆ ಬೆಳೆ ಕೈಗೆ ಬಾರದೆಂಬುದು ಅವರಿಗೆ ಗೊತ್ತು. ಮಳೆಯ ದಾಖಲೆಯೂ ತರಗತಿಗೆ ಬರಲೇಬೇಕು. ಆದರೆ ಮುಂಗಾರು ವರ್ಷಕ್ಕೆ ಒಂದೇ ಸಲ ಬರುತ್ತದೆ. ಹನ್ನೆರಡು ವರ್ಷದ ಮಗು ತಾನೇ ಕಣ್ಣಾರೆ ಕಂಡು, ಎಣಿಸಿ, ಊಹಿಸಿ, ಮತ್ತೆ ಎಣಿಸಿ ತನ್ನ ಊಹೆಯನ್ನು ತಿದ್ದಿಕೊಳ್ಳುವಷ್ಟು ಪುನರಾವರ್ತನೆ ಅಲ್ಲಿಲ್ಲ. ಕಬಡ್ಡಿಯಲ್ಲಿ ಒಂದು ರೇಡಿಗೆ ಗರಿಷ್ಠ 30 ಸೆಕೆಂಡು. ನಿಲುಗಡೆಗಳನ್ನು ಬಿಟ್ಟರೆ ಅರ್ಧ ಗಂಟೆಯ ಆಟದಲ್ಲಿ 60 ರೇಡಿಗೆ ಕಡಿಮೆಯಿಲ್ಲ. ಒಂದು ಸಂಜೆಯಲ್ಲಿ ಇಷ್ಟು ಪ್ರಯೋಗಗಳು, ಅದೂ ಖರ್ಚಿಲ್ಲದೆ, ಯಾವ ಪ್ರಯೋಗಾಲಯದಲ್ಲಿ ಸಿಗುತ್ತವೆ? ಖೊ-ಖೊದಲ್ಲಿ ಪ್ರತಿ ಆಟಗಾರ ಔಟಾಗದೆ ಉಳಿದ ನಿಮಿಷ, ಸೆಕೆಂಡುಗಳನ್ನು ಸ್ಕೋರ್ ಶೀಟಿನಲ್ಲಿ ಬರೆದೇ ಇರುತ್ತಾರೆ. ಸರಾಸರಿಗೂ ಮಧ್ಯಾಂಕಕ್ಕೂ ಇರುವ ಅಂತರ ತೋರಿಸಲು ಅದಕ್ಕಿಂತ ಒಳ್ಳೆಯ ಕೋಷ್ಟಕವನ್ನು ನಾನು ಕಂಡಿಲ್ಲ. ಹೆಚ್ಚಿನವರು ಬೇಗ ಔಟಾಗುತ್ತಾರೆ, ಒಬ್ಬಿಬ್ಬರು ಬಹುಹೊತ್ತು ತಪ್ಪಿಸಿಕೊಳ್ಳುತ್ತಾರೆ. ಆ ಒಬ್ಬಿಬ್ಬರು ಸರಾಸರಿಯನ್ನು ಮೇಲಕ್ಕೆಳೆಯುತ್ತಾರೆ, ಮಧ್ಯಾಂಕ ಕದಲದೆ ನಿಲ್ಲುತ್ತದೆ.

ಆಟ ಎಂದರೆ ಗಣಿತಕ್ಕೆ ಹಚ್ಚುವ ಬಣ್ಣ ಎಂದು ಭಾವಿಸುವವರು ಈ ವಿದ್ಯೆಯ ಹುಟ್ಟನ್ನು ನೆನೆಯಬೇಕು. 1494ರಲ್ಲಿ ಇಟಲಿಯ ಲೂಕಾ ಪಚೋಲಿ ತನ್ನ ಗಣಿತ ಗ್ರಂಥದಲ್ಲಿ ಒಂದು ಸಮಸ್ಯೆ ಕೊಟ್ಟ. ಚೆಂಡಾಟದಲ್ಲಿ 60 ಅಂಕ ಗಳಿಸಿದವರಿಗೆ ಗೆಲುವು, ಪ್ರತಿ ಸುತ್ತಿಗೆ 10 ಅಂಕ. ಒಂದು ತಂಡ 50, ಇನ್ನೊಂದು 20 ಅಂಕದಲ್ಲಿದ್ದಾಗ ಆಟ ನಿಂತುಹೋಯಿತು. ಪಣದ ಹಣವನ್ನು ಹೇಗೆ ಹಂಚಬೇಕು? ಈವರೆಗಿನ ಅಂಕಗಳ ಪ್ರಮಾಣದಲ್ಲಿ, 5ಕ್ಕೆ 2ರಂತೆ ಎಂದ ಪಚೋಲಿ. ಆಗಿಹೋದ ಆಟವನ್ನಲ್ಲ, ಉಳಿದ ಆಟವನ್ನು ಎಣಿಸಬೇಕೆಂಬ ಹೊಳಹು ಮೂಡಲು 1654ರವರೆಗೆ, ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಳ್ಳುವವರೆಗೆ, ಕಾಯಬೇಕಾಯಿತು. ಹಿಂದಿರುವ ತಂಡ ಗೆಲ್ಲಬೇಕಾದರೆ ಸತತ ನಾಲ್ಕು ಸುತ್ತು ಗೆಲ್ಲಬೇಕು. ತಂಡಗಳು ಸಮಬಲವಾಗಿದ್ದರೆ ಅದರ ಸಂಭವನೀಯತೆ 16ರಲ್ಲಿ 1. ಆದ್ದರಿಂದ ಹಂಚಿಕೆ 15ಕ್ಕೆ 1. ಏಳನೇ ತರಗತಿಯ ಮಗು ಇದನ್ನು ಹಲಗೆಯ ಮೇಲೆ ಮಾಡಬಲ್ಲದು. ಮಳೆ ಬಂದು ನಿಂತ ಕ್ರಿಕೆಟ್ ಪಂದ್ಯಕ್ಕೆ ಇಂದು ಡಕ್‌ವರ್ತ್–ಲೂಯಿಸ್–ಸ್ಟರ್ನ್ ಲೆಕ್ಕ ಹಾಕುವುದೂ ಇದೇ ಪ್ರಶ್ನೆಯ ಮುಂದುವರಿಕೆ.

ಸಿದ್ಧ ಕೋಷ್ಟಕ ಮಗುವಿನಿಂದ ಇನ್ನೊಂದನ್ನೂ ಕಸಿದುಕೊಳ್ಳುತ್ತದೆ: ಏನನ್ನು ಎಣಿಸಬೇಕೆಂದು ನಿರ್ಧರಿಸುವ ಹಕ್ಕು. ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳ 286 ಇನಿಂಗ್ಸ್‌ಗಳಲ್ಲಿ 13,288 ರನ್ ಗಳಿಸಿದರು. ಪಾಠದಲ್ಲಿ ಕಲಿತಂತೆ ಭಾಗಿಸಿದರೆ 46.46 ಬರುತ್ತದೆ, ದಾಖಲೆಯಲ್ಲಿರುವುದು 52.31. ಕ್ರಿಕೆಟ್ಟಿನಲ್ಲಿ ಭಾಜಕ ಇನಿಂಗ್ಸ್ ಅಲ್ಲ, ಔಟಾದ ಸಲಗಳು. ಅವರು 32 ಸಲ ಅಜೇಯರಾಗಿ ಉಳಿದಿದ್ದರು. ಎರಡರಲ್ಲಿ ಯಾವುದು ಸರಿ? ಕೇಳುವ ಪ್ರಶ್ನೆ ಯಾವುದೆಂಬುದರ ಮೇಲೆ ಅದು ನಿಂತಿದೆ. ಕಬಡ್ಡಿಯಲ್ಲೂ ಹಾಗೆಯೇ. ಬೋನಸ್ ಮಾತ್ರ ತಂದ ರೇಡ್ ಯಶಸ್ವಿಯೆ? ಅಂಕವಿಲ್ಲದೆ ಸುರಕ್ಷಿತವಾಗಿ ಮರಳಿದ ರೇಡ್ ಸೋಲೆ? ತಂಡ ಮುನ್ನಡೆಯಲ್ಲಿರುವಾಗ ಕೊನೆಯ ನಿಮಿಷದಲ್ಲಿ ಬರಿಗೈಲಿ ಮರಳುವುದೇ ಜಾಣತನ ಎಂದು ದೈಹಿಕ ಶಿಕ್ಷಣ ಶಿಕ್ಷಕರು ಹೇಳುತ್ತಾರೆ; ಹಾಗಿದ್ದರೆ ಅದನ್ನು ಯಾವ ಕಂಬಸಾಲಿನಲ್ಲಿ ಬರೆಯಬೇಕು ಎಂದು ಗಣಿತ ಶಿಕ್ಷಕರು ಕೇಳಬೇಕು. ಈ ಚರ್ಚೆ ಪಾಠಕ್ಕೆ ಮುಂಚಿನ ಸಿದ್ಧತೆ ಎಂದು ತಿಳಿಯಬೇಡಿ. ಪಾಠ ಶುರುವಾಗುವುದೇ ಅಲ್ಲಿ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆಗೆ ಬರುತ್ತೇನೆ. ಸಮಯಪಾಲಕರು ಸ್ವಲ್ಪ ಸಹಿಸಿಕೊಳ್ಳಬೇಕು. 'ಫಾರ್ಮ್' ಎಂಬುದು ನಿಜವಾಗಿ ಇದೆಯೆ? ಸತತ ಮೂರು ರೇಡ್ ಗೆದ್ದವಳು ನಾಲ್ಕನೆಯದನ್ನು ಗೆಲ್ಲುವ ಸಾಧ್ಯತೆ ಹೆಚ್ಚೆಂದು ಮೈದಾನದ ಸುತ್ತ ನಿಂತವರೆಲ್ಲ ನಂಬುತ್ತಾರೆ. 1985ರಲ್ಲಿ ಸಂಶೋಧಕರಾದ ಗಿಲೊವಿಚ್, ವ್ಯಾಲೊನ್ ಮತ್ತು ಟ್ವೆರ್ಸ್ಕಿ ಬ್ಯಾಸ್ಕೆಟ್‌ಬಾಲ್ ದಾಖಲೆಗಳನ್ನು ಪರಿಶೀಲಿಸಿ, ಇದು ನೋಡುವವರ ಭ್ರಮೆ ಎಂದರು. ಮೂರು ದಶಕ ಕಾಲ ಅದೇ ಪಾಠವಾಯಿತು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಆ ಅಳತೆಯಲ್ಲೇ ಒಂದು ಸೂಕ್ಷ್ಮ ದೋಷವಿದೆಯೆಂದು ತೋರಿಸಿದರು. ಅದನ್ನು ಕಾಣಲು ಉನ್ನತ ಗಣಿತ ಬೇಡ. ಗೆಲುವು, ಸೋಲು ಸಮಸಾಧ್ಯವಿರುವ ಮೂರು ರೇಡುಗಳಿಗೆ ಒಟ್ಟು ಎಂಟು ಸಾಲು ಬರೆಯಿರಿ. ಮೊದಲೆರಡು ರೇಡುಗಳಲ್ಲಿ ಗೆಲುವೇ ಇಲ್ಲದ ಎರಡು ಸಾಲು ಬಿಡಿ. ಉಳಿದ ಆರರ ಪ್ರತಿ ಸಾಲಿನಲ್ಲೂ ಗೆಲುವಿನ ಮರು ರೇಡ್ ಮತ್ತೆ ಗೆಲುವಾದ ಪ್ರಮಾಣ ನೋಡಿ: ಎರಡು ಸಾಲಿನಲ್ಲಿ ಪೂರ್ತಿ, ಒಂದರಲ್ಲಿ ಅರ್ಧ, ಮೂರರಲ್ಲಿ ಸೊನ್ನೆ. ಆರರ ಸರಾಸರಿ 5/12. ಅರ್ಧ ಬರಬೇಕೆಂದು ಎಲ್ಲರೂ ಎಣಿಸುವ ಕಡೆ ಅರ್ಧಕ್ಕಿಂತ ಕಡಿಮೆ ಬಂತು! ಅಂದರೆ ಗೆಲುವಿನ ನಂತರವೂ ಆಟಗಾರನ ಪ್ರಮಾಣ ಮೊದಲಿನಷ್ಟೇ ಕಂಡರೆ, ಅಲ್ಲಿ ಏನೋ ಹೆಚ್ಚಳ ಅಡಗಿರಬಹುದು. ಭ್ರಮೆ ಎಂದವರ ತೀರ್ಮಾನ ಅಲುಗಾಡಿತು. ಹೆಚ್ಚಳ ಎಷ್ಟು, ಯಾವ ಆಟದಲ್ಲಿ ಎಂಬ ವಾದ ಇನ್ನೂ ಮುಗಿದಿಲ್ಲ. ಕಬಡ್ಡಿಯಲ್ಲಿ ಇದು ಮತ್ತಷ್ಟು ಜಟಿಲ. ಒಂದು ಯಶಸ್ವಿ ಟಚ್ ಎದುರಾಳಿಯೊಬ್ಬನನ್ನು ಹೊರಗೆ ಕಳಿಸುತ್ತದೆ. ಮುಂದಿನ ರೇಡಿನಲ್ಲಿ ಹಿಡಿಯುವವರ ಸಂಖ್ಯೆಯೇ ಬದಲಾಗಿರುತ್ತದೆ, ಆರಕ್ಕಿಂತ ಕಡಿಮೆಯಾದರೆ ಬೋನಸ್ಸೂ ಇಲ್ಲ. ಗೆದ್ದವಳು ಮತ್ತೆ ಗೆದ್ದರೆ ಅದು ಅವಳ ಫಾರ್ಮೋ, ಖಾಲಿಯಾದ ಅಂಕಣವೋ? ಪ್ರತಿ ರೇಡಿನ ಪಕ್ಕದಲ್ಲಿ ಎದುರಿಗಿದ್ದವರ ಸಂಖ್ಯೆಯನ್ನೂ ಬರೆದಿಟ್ಟರೆ ಎಂಟನೇ ತರಗತಿಯ ಮಕ್ಕಳು ಈ ಪ್ರಶ್ನೆಯನ್ನು ಬಿಡಿಸತೊಡಗಬಹುದು. ವಿದ್ವಾಂಸರಿಗೂ ಉತ್ತರ ಸಿಗದ ಪ್ರಶ್ನೆಯ ಮೇಲೆ ಕೊಡಿಗೇನಹಳ್ಳಿಯದೋ ವೈ.ಎನ್.ಹೊಸಕೋಟೆಯದೋ ಮಗು ಕೆಲಸ ಮಾಡಬಹುದಾದ ಗಣಿತದ ಭಾಗ ಇದಕ್ಕಿಂತ ಹತ್ತಿರದಲ್ಲಿ ಬೇರೆಲ್ಲಿದೆ?

ಆಕ್ಷೇಪಗಳಿವೆ, ಅವುಗಳಲ್ಲಿ ಹುರುಳೂ ಇದೆ. ಪಠ್ಯ ಮುಗಿಸಲು ಸಮಯವಿಲ್ಲ ಎಂಬುದು ಮೊದಲನೆಯದು. ಇದಕ್ಕೆ ಹೊಸ ಅವಧಿ ಬೇಕಿಲ್ಲ. ಈಗಿರುವ ಕೋಷ್ಟಕದ ಜಾಗದಲ್ಲಿ ಮಕ್ಕಳೇ ತಂದ ಕೋಷ್ಟಕ ಇಟ್ಟರೆ ಸಾಕು. ಆಡದ ಮಕ್ಕಳ ಗತಿಯೇನು ಎಂಬುದು ಎರಡನೆಯದು. ಎಣಿಸುವವರು ಆಡಬೇಕಿಲ್ಲ, ಗೆರೆಯಾಚೆ ಕೂತು ಶಿಸ್ತಿನಿಂದ ಗುರುತು ಹಾಕುವ ಮಗುವಿಗೆ ಮೈದಾನದಲ್ಲಿ ಮೊದಲ ಬಾರಿ ಒಂದು ಗೌರವದ ಸ್ಥಾನ ಸಿಗುತ್ತದೆ. ಅಂಕಿಗಳು ದುರ್ಬಲ ಆಟಗಾರರನ್ನು ಅವಮಾನಿಸುತ್ತವೆ ಎಂಬುದು ಮೂರನೆಯದು. ಇದು ನಿಜವಾದ ಅಪಾಯ. ಆದ್ದರಿಂದ ತರಗತಿಗೆ ಹೆಸರುಗಳು ಬರಬಾರದು, ತಂಡದ ರೇಡುಗಳು ಮಾತ್ರ ಬರಬೇಕು. ಕೊನೆಯದು, ಆಟಕ್ಕೆ ಸಂಭವನೀಯತೆ ಜೋಡಿಸಿದರೆ ಬೆಟ್ಟಿಂಗ್ ಕಲಿಸಿದಂತಾಗದೆ ಎಂಬ ಪೋಷಕರ ಭಯ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಬೇಕಾಯಿತೆಂದರೆ ಆ ಪಿಡುಗು ಎಷ್ಟು ಆಳಕ್ಕಿಳಿದಿತ್ತೆಂದು ತಿಳಿಯುತ್ತದೆ. ಆದರೆ ಬಲೆಗೆ ಬೀಳುವುದು ನಾಲ್ಕು ಗೆಲುವನ್ನು ತನ್ನ ಜಾಣ್ಮೆ ಎಂದು ನಂಬಿದವನು. ಐದು ಸಲ ನಾಣ್ಯ ಚಿಮ್ಮಿ ಆರು ಮಂದಿ 'ನಿಪುಣ'ರಾದದ್ದನ್ನು ಕಂಡ ಮಗು ಆ ನಂಬಿಕೆಯನ್ನು ಪ್ರಶ್ನಿಸಲು ಕಲಿತಿರುತ್ತದೆ.

ಇದರ ಪರಿಣಾಮ ಆಟಕ್ಕಷ್ಟೇ ಸೀಮಿತವಲ್ಲ. ಎರಡು ರೇಡ್ ನೋಡಿ ಹೋಬಳಿ ತಂಡದಿಂದ ಕೈಬಿಡುವುದೂ, ಒಂದು ಕಿರುಪರೀಕ್ಷೆ ನೋಡಿ ಮಗುವಿಗೆ 'ನಿಧಾನ ಕಲಿಕೆ' ಎಂದು ಹಣೆಪಟ್ಟಿ ಹಚ್ಚುವುದೂ ಒಂದೇ ತಪ್ಪು. ಎಸ್ಸೆಸ್ಸೆಲ್ಸಿ ಶೇಕಡಾವಾರು ಫಲಿತಾಂಶದಲ್ಲಿ ಶಾಲೆಗಳನ್ನು ಸಾಲಾಗಿ ನಿಲ್ಲಿಸಿದಾಗ, ಹತ್ತು ಮಕ್ಕಳ ಶಾಲೆಗೆ ಒಬ್ಬ ಅನುತ್ತೀರ್ಣನಾದರೆ ಶೇ 10 ಕುಸಿತ, ನೂರು ಮಕ್ಕಳ ಶಾಲೆಗೆ ಶೇ 1. ಹಾಗಾಗಿ ಪಟ್ಟಿಯ ತುದಿಯಲ್ಲೂ ಬುಡದಲ್ಲೂ ಚಿಕ್ಕ ಶಾಲೆಗಳೇ ಹೆಚ್ಚಾಗಿ ಕಾಣುವುದು ಗಣಿತದ ನಿಯಮ. ಅದನ್ನು ಶಿಕ್ಷಕರ ಶ್ರಮಕ್ಕೋ ಸೋಮಾರಿತನಕ್ಕೋ ಕಟ್ಟುವುದು ಅನ್ಯಾಯ. ಸಂಖ್ಯಾಶಾಸ್ತ್ರದ ಜಗದ್ವಿಖ್ಯಾತ ಪಂಡಿತ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಸೀಮಿತ ಮಾಹಿತಿಯಿಂದ ಮಾಡಿದ ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ಅವರು 1945ರಲ್ಲೇ ಮಿತಿ ಕಂಡುಕೊಟ್ಟರು. ಆ ಪ್ರಶ್ನೆಯ ಬೀಜರೂಪ ನಮ್ಮ ಏಳನೇ ತರಗತಿಗೆ ಇನ್ನೂ ಬಂದಿಲ್ಲ.

ಆದ್ದರಿಂದ ಈ ಸಂಕಿರಣ ಹೊಸ ಪಠ್ಯಕ್ಕಾಗಿ ಮನವಿ ಬರೆದು ಮುಗಿಯಬಾರದು. ಇಲ್ಲಿ ಸೇರಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಶಿಕ್ಷಕರಲ್ಲಿ ನನ್ನ ಕೋರಿಕೆ ಇದು: ಈ ವರ್ಷದ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳ ಸ್ಕೋರ್ ಶೀಟುಗಳನ್ನು ಹರಿದೆಸೆಯಬೇಡಿ, ಗಣಿತದ ಕೊಠಡಿಗೆ ತನ್ನಿ. ದತ್ತಾಂಶದ ಪಾಠವನ್ನೂ ಸಂಭವನೀಯತೆಯ ಪಾಠವನ್ನೂ ಒಂದೇ ವಾರದಲ್ಲಿ, ಅದೇ ಹಾಳೆಯ ಮೇಲೆ ಮಾಡಿ. ಮಗು ಯಾವುದೇ ಶೇಕಡಾವಾರು ಹೇಳಿದರೂ, ಎಷ್ಟು ಸಲದಲ್ಲಿ ಎಂದು ಕೇಳಿ. ನಿಮ್ಮ ಶಾಲೆಯ ಬಗ್ಗೆ ಮೇಲಿನವರು ಶೇಕಡಾವಾರು ಹೇಳಿದಾಗಲೂ ಅದೇ ಪ್ರಶ್ನೆಯನ್ನು ವಿನಯದಿಂದ, ಆದರೆ ತಪ್ಪದೆ ಕೇಳಿ.