ಕಲ್ಲು, ನೀರು, ಕಾಯಕ

ಕಾಯಕವೆಂದಾಗ ನನಗೆ ಡಾ. ಕೆ.ಎಲ್. ರಾವ್ ನೆನಪಾಗುತ್ತಾರೆ. ಕೃಷ್ಣಾ ಜಿಲ್ಲೆಯವರು; ಬಾಲ್ಯದಲ್ಲೇ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ರಂಗೂನಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು 1962ರಲ್ಲಿ ವಿಜಯವಾಡದಿಂದ ಲೋಕಸಭೆಗೆ ಬಂದರು, ಮರುವರ್ಷ ಕೇಂದ್ರದಲ್ಲಿ ನೀರಾವರಿ ಸಚಿವರಾದರು.

ನಾಗಾರ್ಜುನಸಾಗರವನ್ನು ಕಾಂಕ್ರೀಟಿನ ಬದಲು ಕಲ್ಲಿನಲ್ಲಿ ಕಟ್ಟಿದ್ದರಲ್ಲಿ ಅವರ ಪಾತ್ರ ದೊಡ್ಡದು. ಯಂತ್ರ ಕಡಿಮೆ, ಸಾವಿರಾರು ಕೈಗಳಿಗೆ ಕೆಲಸ.

ಅವರ ಗಂಗಾ–ಕಾವೇರಿ ಜೋಡಣೆಯನ್ನು ಮಾತ್ರ ನಾನು ಒಪ್ಪಲಾರೆ. ಅಷ್ಟು ನೀರನ್ನು 500 ಮೀಟರಿಗೂ ಮೇಲೆತ್ತಲು ವಿದ್ಯುತ್ ಎಲ್ಲಿಂದ? ಆದರೂ ಮಿಕ್ಕ ನೀರು ಇಲ್ಲದವನಿಗೆ ಸೇರಬೇಕೆಂಬ ಆ ಹಟ ದಾಸೋಹವೇ. ನಾನೋ, ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟದ ವರ್ಷವೂ ‘ಮುಟ್ಟಿದೆ’ ಎಂಬ ವರದಿಗೆ ಸಹಿ ಹಾಕಿದವನು.